ಜೀಪೋ, ದೋಣಿಯೋ, ಗೋಪುರವೋ? ವನ್ಯಜೀವಿ ನೋಡಲು ಹೋಗುವವರಿಗೆ ನನ್ನ ಹೋಲಿಕೆ

ಮೊದಲ ಸಲ ಹುಲಿ ಕಂಡಾಗ ಅದು ನನ್ನ ಕಣ್ಣೆದುರು ಇದ್ದದ್ದು ಹೆಚ್ಚೆಂದರೆ ಹತ್ತು ಸೆಕೆಂಡು. ನಾಗರಹೊಳೆ ಕಾಡು, ಬೆಳಗಿನ ಜೀಪ್ ಸಫಾರಿ. ಮರದ ತುದಿಯಲ್ಲಿದ್ದ ಮುಸುವ ಕೆಮ್ಮಿದ ಹಾಗೆ ಕೂಗಿತು, ಹಿಂದೆಯೇ ಜಿಂಕೆಯೂ ಕೂಗಿತು. ಚಾಲಕರು ಎಂಜಿನ್ ಆಫ್ ಮಾಡಿ ತುಟಿಯ ಮೇಲೆ ಬೆರಳಿಟ್ಟರು. ಲಂಟಾನದ ಪೊದೆಯಿಂದ ಹೊರಬಂದ ಹುಲಿ ದಾರಿ ದಾಟಿ ಆಚೆ ಪೊದೆಗೆ ನುಗ್ಗಿತು. ಅಷ್ಟೇ. ಅದಕ್ಕೂ ಮುಂಚೆ ನಾಲ್ಕು ಸಲ ಹುಲಿ ಕಾಣದೆ ವಾಪಸಾಗಿದ್ದೆ.

ಹುಲಿ, ಸೀಳುನಾಯಿ ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಇವನ್ನೇ ನೋಡಬೇಕೆಂದರೆ ಜೀಪ್ ಬಿಟ್ಟರೆ ಬೇರೆ ದಾರಿ ಕಡಿಮೆ. ಆದರೆ ನನಗೆ ಕಷ್ಟವಾಗುವುದು ಅಲ್ಲಿನ ಅವಸರ. ಒಂದು ಕಡೆ ಅಲಾರ್ಮ್ ಕಾಲ್, ಅಂದರೆ ಹುಲಿ ಹತ್ತಿರವಿದೆ ಅಂತ ಮುಸುವ, ಜಿಂಕೆಗಳು ಎಚ್ಚರಿಸುವ ಕೂಗು, ಬಂತೆಂದರೆ ಎಲ್ಲರ ಗಮನವೂ ಅತ್ತ ಓಡುತ್ತದೆ. ಪಕ್ಕದಲ್ಲೇ ಮೇಯುತ್ತಿರುವ ಕಾಟಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಒಮ್ಮೆ ಸಲಗವೊಂದು ದಾರಿ ಬದಿ ನಿಂತಿದ್ದಾಗ, ಅದು ಇತ್ತ ತಿರುಗಲಿ ಅಂತ ನಮ್ಮ ಗಾಡಿಯಲ್ಲಿದ್ದವರೊಬ್ಬರು ಶಿಳ್ಳೆ ಹಾಕಿದರು. ಆನೆ ಕಿವಿ ಅಗಲಿಸಿ ಒಂದು ಹೆಜ್ಜೆ ಮುಂದಿಟ್ಟಿತು. ಆ ಶಿಳ್ಳೆ ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕಬಿನಿಯ ದೋಣಿ ಇದಕ್ಕೆ ಪೂರ್ತಿ ವಿರುದ್ಧ. 1974ರಲ್ಲಿ ಅಣೆಕಟ್ಟು ಮುಗಿದಾಗ ನೀರು ನಿಂತ ಜಾಗ ಬೇಸಿಗೆಯಲ್ಲಿ ಮತ್ತೆ ಬಯಲಾಗುತ್ತದೆ. ಹಿನ್ನೀರು ಇಳಿದಂತೆಲ್ಲ ಕೆಸರಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಬಂಡೀಪುರ ಮತ್ತು ನಾಗರಹೊಳೆಯ ಒಣಗಿದ ಕಾಡುಗಳಿಂದ ಆನೆಗಳು ಹಿಂಡುಹಿಂಡಾಗಿ ಇಳಿದು ಬರುತ್ತವೆ. ಏಷ್ಯಾದ ಆನೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ತೀರಾ ಅಪರೂಪ.

ನಾನು ಹೋದದ್ದು ಏಪ್ರಿಲ್‌ನಲ್ಲಿ. ದಡದಿಂದ ಸಾಕಷ್ಟು ದೂರದಲ್ಲೇ ದೋಣಿ ನಿಲ್ಲಿಸಿದರು. ಒಂದು ಹೆಣ್ಣಾನೆ ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಒದ್ದು ಸಡಿಲ ಮಾಡಿ, ಸೊಂಡಿಲಿನಲ್ಲಿ ಸುತ್ತಿ ಎಳೆದು, ಮಣ್ಣು ಉದುರಲೆಂದು ಮೊಣಕಾಲಿಗೆ ಎರಡು ಸಲ ಬಡಿದು ಬಾಯಿಗಿಟ್ಟುಕೊಂಡಿತು. ಪಕ್ಕದ ಮರಿ ಹಾಗೇ ಮಾಡಲು ಹೋಗಿ, ಸೊಂಡಿಲಿಗೆ ಹುಲ್ಲು ಸಿಗದೆ, ಕೊನೆಗೆ ಅಮ್ಮನ ಬಾಯಿಂದ ಜಾರುತ್ತಿದ್ದ ಎಸಳನ್ನೇ ಕಸಿದುಕೊಂಡಿತು. ಇದನ್ನೆಲ್ಲ ಅರ್ಧ ಗಂಟೆಗೂ ಹೆಚ್ಚು ಹೊತ್ತು ನೋಡಿದೆ. ಅವು ನಮಗಾಗಿ ಏನನ್ನೂ ಬದಲಿಸಿಕೊಳ್ಳಲಿಲ್ಲ. ದಡದಲ್ಲಿ ಬಾಯಿ ತೆರೆದು ಮಲಗಿದ್ದ ಮೊಸಳೆ, ರೆಕ್ಕೆ ಒಣಗಿಸುತ್ತಿದ್ದ ಹಾವಕ್ಕಿ ಸಿಕ್ಕಿದ್ದು ಲಾಭ. ಬಿಸಿಲು ಮಾತ್ರ ಜೋರು. ಮಳೆ ಹಿಡಿದು ನೀರು ತುಂಬಿದ ಮೇಲೆ ಹೋದರೆ ಈ ದೃಶ್ಯ ಇರುವುದಿಲ್ಲ. ಹಿಂಡುಗಳು ಕಾಡಿನೊಳಗೆ ಚದುರಿರುತ್ತವೆ.

ದರೋಜಿ ಕರಡಿ ಧಾಮಕ್ಕೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಬೆನ್ನುನೋವು, ಜೀಪಿನ ಕುಲುಕಾಟ ಆಗದು. ಹಂಪಿಗೆ ಹತ್ತಿರವಿರುವ ಈ ಧಾಮ ಘೋಷಣೆಯಾದದ್ದು 1994ರಲ್ಲಿ. ಇಲ್ಲಿ ವೀಕ್ಷಣಾ ಗೋಪುರದಲ್ಲಿ ಕೂತು ಎದುರಿನ ಬಂಡೆಗುಡ್ಡ ನೋಡುತ್ತಿದ್ದರೆ ಸಾಕು. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಸಿಹಿ ಸವರಿ ಬರುತ್ತಾರೆ, ಹೊತ್ತು ಇಳಿದಂತೆ ಕರಡಿಗಳು ಗುಹೆಯಿಂದ ಹೊರಬರುತ್ತವೆ. “ಸರ, ಆ ದೊಡ್ಡ ಬಂಡಿ ಎಡಕ್ಕ ನೋಡ್ರಿ, ತಾಯಿ ಬಂತು” ಅಂದರು ಅಲ್ಲಿದ್ದವರು. ಬೆನ್ನ ಮೇಲೆ ಎರಡು ಮರಿ! ಕರಿ ಕೂದಲಿನೊಳಗೆ ಹುದುಗಿದ್ದ ಅವನ್ನು ಬೈನಾಕ್ಯುಲರ್‌ನಲ್ಲಿ ಹುಡುಕಿ ಅಮ್ಮನಿಗೆ ತೋರಿಸುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು.

ಬೈನಾಕ್ಯುಲರ್ ಇಲ್ಲದೆ ಅಲ್ಲಿಗೆ ಹೋಗಬೇಡಿ, ಬರೀ ಕರಿ ಚುಕ್ಕೆ ಕಾಣುತ್ತದೆ. ಸಿಹಿ ಇಟ್ಟು ಕರೆಯುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಗೆದ್ದಲು ಹುತ್ತ ಬಗೆದು ಉಸಿರಿನಿಂದ ಹೀರುವ ಕರಡಿಯನ್ನು ನೋಡಬೇಕಿತ್ತು, ಬಂಡೆ ನೆಕ್ಕುವುದನ್ನಲ್ಲ ಅಂತ ಅನ್ನಿಸಿತು. ಆದರೂ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಇದೇ ಸರಿ. ಕರಡಿ ಮನುಷ್ಯರ ಬೆನ್ನಟ್ಟುವ ಸುದ್ದಿಯನ್ನಷ್ಟೇ ಕೇಳಿದ್ದ ಅಮ್ಮ, “ಪಾಪ, ಎರಡನ್ನೂ ಹೊತ್ತುಕೊಂಡು ಆ ಬಂಡೆ ಹತ್ತುತ್ತಲ್ಲೋ” ಅಂದರು.

ಇನ್ನು ಈ ಮೂರರ ಪಟ್ಟಿಗೆ ಯಾರೂ ಸೇರಿಸದ ಒಂದು ಜಾಗ: ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮ, 2012ರಲ್ಲಿ ಘೋಷಣೆಯಾದದ್ದು. ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಕೆಂಪು ಪಟ್ಟಿಯ ಲೆಕ್ಕದಲ್ಲಿ ಕರಡಿ ದುರ್ಬಲ ವರ್ಗ, ಆನೆ ಮತ್ತು ಹುಲಿ ಅಳಿವಿನಂಚಿನವು. ಇಲ್ಲಿನ ಉದ್ದಕೊಕ್ಕಿನ ರಣಹದ್ದು ಅವಕ್ಕಿಂತ ಗಂಭೀರ ಸ್ಥಿತಿಯಲ್ಲಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಕಳೇಬರದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ಇವು ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಬಳಸುವುದು ನಿಷೇಧವಾದರೂ ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಬೇಗ ಚೇತರಿಸಿಕೊಳ್ಳುವುದಿಲ್ಲ. ಜೀಪೂ ಇಲ್ಲ, ದೋಣಿಯೂ ಇಲ್ಲ, ಮೆಟ್ಟಿಲು ಹತ್ತಿ ಕಾಯಬೇಕು. ಎರಡು ಸಲ ಹೋದೆ. ಮೊದಲ ಸಲ ಕಂಡದ್ದು ಬಂಡೆಯ ಮೇಲೆ ಸುಣ್ಣ ಸುರಿದಂತಿದ್ದ ಹಿಕ್ಕೆಯ ಗುರುತು ಮಾತ್ರ. ಎರಡನೆಯ ಸಲ, ಬಿಸಿಲೇರಿ ಗಾಳಿ ಕಾದ ಮೇಲೆ, ಒಂದೇ ಒಂದು ಹಕ್ಕಿ ರೆಕ್ಕೆ ಬಡಿಯದೆ ಎರಡು ಸುತ್ತು ಹಾಕಿ ಗುಡ್ಡದ ಹಿಂದೆ ಮರೆಯಾಯಿತು.

ಒಂದೇ ದಿನ ಇದ್ದು, ಬೇಸಿಗೆಯೂ ಆಗಿದ್ದರೆ ಕಬಿನಿ ದೋಣಿ ಹತ್ತಿ ಅಂತಲೇ ಹೇಳುತ್ತೇನೆ. ನಾನಂತೂ ಈ ಚಳಿಗಾಲದಲ್ಲಿ ಮತ್ತೆ ರಾಮದೇವರಬೆಟ್ಟ ಹತ್ತುವವನಿದ್ದೇನೆ. ಅದು ರಣಹದ್ದು ಮೊಟ್ಟೆ ಇಟ್ಟು ಕಾವು ಕೂರುವ ಕಾಲ. ದೂರದಿಂದಲೇ, ಸದ್ದಿಲ್ಲದೆ, ಆ ಬಿಳಿ ಗುರುತಿನ ಬಂಡೆಯಲ್ಲಿ ಹಕ್ಕಿ ಕೂತಿದೆಯೇ ನೋಡಬೇಕು.