ಮೆಮ್‌ಟೆಸ್ಟ್86 ಪ್ಲಸ್: ರ‍್ಯಾಮ್ ದೋಷವನ್ನು ಬಯಲಿಗೆಳೆಯುವ ಉಚಿತ ಸಾಧನ

ಪುಸ್ತಕಗಳ ಪುಟವಿನ್ಯಾಸಕ್ಕೆ ನಾನು ಬಳಸುವ ಕಂಪ್ಯೂಟರ್ ಸುಮಾರು ಎರಡು ತಿಂಗಳ ಕಾಲ ದಿನಕ್ಕೊಮ್ಮೆಯಾದರೂ ನೀಲಿ ಪರದೆ ತೋರಿಸಿ ತಾನಾಗಿಯೇ ಮರುಪ್ರಾರಂಭವಾಗುತ್ತಿತ್ತು. ರಿಪೇರಿ ಅಂಗಡಿಯಲ್ಲಿ ಎರಡು ಬಾರಿ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು; ಎರಡು ಬಾರಿಯೂ ವಾರ ಕಳೆಯುವುದರೊಳಗೆ ತೊಂದರೆ ಮರುಕಳಿಸಿತು. ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ. ಹೆಸರಿನಲ್ಲಿ ಪವರ್ ಇದ್ದರೂ ಯಂತ್ರ ಸರಿಯಾಗಿ ಮುಚ್ಚದೆ ನಿಂತುಹೋಯಿತು ಎನ್ನುವುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಅದನ್ನಷ್ಟೇ ನಂಬಿ ಹೊಸ ಪವರ್ ಸಪ್ಲೈ ಕೊಳ್ಳುವುದು ಆತುರದ ನಿರ್ಧಾರವಾಗುತ್ತದೆ.

ಕೊನೆಗೆ ನನಗೆ ನೆರವಾದದ್ದು ರ‍್ಯಾಮನ್ನು, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯನ್ನು, ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್. 2004ರಿಂದ ಲಭ್ಯವಿರುವ ಈ ಮುಕ್ತ ತಂತ್ರಾಂಶವನ್ನು 2022ರ 6.00 ಆವೃತ್ತಿಯಲ್ಲಿ ಹೊಸದಾಗಿ ಬರೆಯಲಾಗಿದ್ದು, ಅಂದಿನಿಂದ ಯಂತ್ರವನ್ನು ಶುರುಮಾಡುವ ಹೊಸ ಬಗೆಯ ತಂತ್ರಾಂಶ ಯುಇಎಫ್‌ಐ ಇರುವ ಇಂದಿನ ಯಂತ್ರಗಳಲ್ಲೂ ಇದು ಓಡುತ್ತದೆ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಬೇರೆಯೇ ಸಂಸ್ಥೆಯ ಉತ್ಪನ್ನವಾದ್ದರಿಂದ ಇಳಿಸಿಕೊಳ್ಳುವಾಗ ಹೆಸರನ್ನು ಗಮನಿಸಬೇಕು. ಹಳೆಯದೊಂದು ಪೆನ್‌ಡ್ರೈವ್ ಸಾಕು. ನನ್ನ ಯಂತ್ರದಲ್ಲಿ ಮಾತ್ರ ಮಾನ್ಯತೆಯಿಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಈ ಸಾಧನದ ನಿಜವಾದ ಶಕ್ತಿಯಿರುವುದು ಅದು ವಿಂಡೋಸಿನ ನೆರವಿಲ್ಲದೆ ಪೆನ್‌ಡ್ರೈವ್‌ನಿಂದ ನೇರವಾಗಿ ಶುರುವಾಗುವುದರಲ್ಲಿ. ಡ್ರೈವರ್, ವೈರಸ್, ಅಪ್‌ಡೇಟ್ ಎಂಬ ಎಲ್ಲ ಶಂಕೆಗಳೂ ಅಲ್ಲಿಗೆ ಪಕ್ಕಕ್ಕೆ ಸರಿಯುತ್ತವೆ. ಮೆಮೊರಿಯ ಪ್ರತಿ ಭಾಗದಲ್ಲೂ ನಾನಾ ವಿನ್ಯಾಸದ ಬಿಟ್‌ಗಳನ್ನು (0 ಅಥವಾ 1) ಬರೆದು, ಮತ್ತೆ ಓದಿ, ಹೊಂದದಿದ್ದರೆ ವಿಳಾಸವನ್ನೂ ಇರಬೇಕಾದ ಮೌಲ್ಯವನ್ನೂ ಸಿಕ್ಕ ಮೌಲ್ಯವನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ. ನನ್ನಲ್ಲಿ ಮೊದಲ ಪಾಸ್ (ಪರೀಕ್ಷೆಗಳ ಒಂದು ಪೂರ್ಣ ಸುತ್ತು) ಯಾವ ದೋಷವೂ ಇಲ್ಲದೆ ಮುಗಿಯಿತು. ರಾತ್ರಿಯಿಡೀ ಓಡಲು ಬಿಟ್ಟಾಗ ಮೂರನೆಯ ಪಾಸಿನಲ್ಲಿ ದೋಷಗಳು ಕಾಣಿಸಿಕೊಂಡವು. ಪ್ರತಿ ಬಾರಿಯೂ ವ್ಯತ್ಯಾಸ ಇದ್ದದ್ದು ಒಂದೇ ಬಿಟ್‌ನಲ್ಲಿ.

ಒಂದು ಬಿಟ್ ಎಂದರೆ ಅಲ್ಪವೆಂದು ತೋರಬಹುದು. ಅಕ್ಷರಗಳಿಗೆ ಸಂಖ್ಯೆಯ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಲ’ ಮತ್ತು ‘ಳ’ ಅಕ್ಷರಗಳ ಸಂಕೇತಗಳು ಒಂದೇ ಬಿಟ್‌ನಷ್ಟು ಬೇರೆಯಾಗಿವೆ; ಅದು ತಿರುಗಿದರೆ ಕಡತದಲ್ಲಿ ‘ಹುಲಿ’ ‘ಹುಳಿ’ಯಾಗಿ ಉಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಯಂತ್ರ ನಿಂತುಹೋಗುವುದಕ್ಕಿಂತ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಈ ಸಾಧ್ಯತೆಯೇ.

ದೋಷವಿದೆ ಎನ್ನುವುದು ತಿಳಿದ ಮಾತ್ರಕ್ಕೆ ದೋಷ ಎಲ್ಲಿದೆ ಎನ್ನುವುದು ತಿಳಿಯುವುದಿಲ್ಲ. ರ‍್ಯಾಮ್ ಪಟ್ಟಿ, ಮದರ್‌ಬೋರ್ಡಿನ ಸ್ಲಾಟ್, ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್, ಈ ಮೂರರಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಬರುವ ಸಾಲು ಒಂದೇ ರೀತಿಯದು. ಆದ್ದರಿಂದ ಮೊದಲು ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಎಕ್ಸ್‌ಎಂಪಿಯನ್ನು (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ನಿಲ್ಲಿಸಿ, ರ‍್ಯಾಮ್ ಅದರ ಮೂಲ ವೇಗದಲ್ಲಿ ಓಡುವಂತೆ ಮಾಡಿದೆ, ದೋಷ ಹೋಗಲಿಲ್ಲ. ಬಳಿಕ 8 ಜಿಬಿಯ ಎರಡು ಡಿಡಿಆರ್4 ಪಟ್ಟಿಗಳನ್ನು ತೆಗೆದು ಅವುಗಳ ಸಂಪರ್ಕದಂಚನ್ನು ಮೆತ್ತನೆಯ ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಎರಡೂ ಸ್ಲಾಟ್‌ಗಳಲ್ಲಿ ಕೂರಿಸಿ ಪರೀಕ್ಷಿಸಿದೆ. ಒಂದು ಪಟ್ಟಿ ಎರಡು ಸ್ಲಾಟ್‌ಗಳಲ್ಲೂ ತಪ್ಪಿತು, ಇನ್ನೊಂದು ಎಲ್ಲಿಯೂ ತಪ್ಪಲಿಲ್ಲ. ನಾಲ್ಕು ರಾತ್ರಿಗಳ ಈ ಕೆಲಸದ ನಂತರವೇ ಕೆಟ್ಟಿದ್ದು ಪಟ್ಟಿಯೇ ಎಂದು ನಿಶ್ಚಯವಾಗಿ ಹೇಳಲು ಸಾಧ್ಯವಾಯಿತು, ಮತ್ತು ದೋಷದ ಪರದೆಯ ಚಿತ್ರವನ್ನು ಕಳುಹಿಸಿದಾಗ ವಾರಂಟಿಯಲ್ಲಿ ಬದಲಿ ಪಟ್ಟಿ ಸಿಕ್ಕಿತು.

ಕೊರತೆಗಳೂ ಇವೆ. ಕೆಟ್ಟ ಪಟ್ಟಿ ಯಾವುದೆಂದು ಇದು ಬೆರಳಿಟ್ಟು ತೋರಿಸದಿರುವುದರಿಂದ ಪೆಟ್ಟಿಗೆ ಬಿಚ್ಚುವ ಧೈರ್ಯ ಬಳಕೆದಾರನಿಗೆ ಇರಲೇಬೇಕು. ಪರೀಕ್ಷೆಯ ವೇಳೆ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚೇನೂ ಕೆಲಸವಿಲ್ಲದ ಕಾರಣ, ಭಾರ ಬಿದ್ದಾಗ ಮಾತ್ರ ಕುಸಿಯುವ ಪವರ್ ಸಪ್ಲೈ ಇಲ್ಲಿ ಸಿಕ್ಕಿಬೀಳುವುದಿಲ್ಲ. 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ ಇರಬೇಕೆಂಬುದು ಪಿಸಿ ಪವರ್ ಸಪ್ಲೈಗಳ ಮಾನದಂಡವಾದ ಎಟಿಎಕ್ಸ್‌ನ ಸಾಮಾನ್ಯ ನಿಯಮ. ಅದನ್ನು ಭಾರವಿರುವಾಗಲೇ ಮಲ್ಟಿಮೀಟರ್‌ನಿಂದ ಅಳೆಯಬೇಕಾಗುತ್ತದೆ. ಹಾಗಾಗಿ ದೋಷ ಕಾಣದ ರಾತ್ರಿಯನ್ನು ಇಡೀ ಯಂತ್ರಕ್ಕೆ ಸಿಕ್ಕ ಆರೋಗ್ಯಪತ್ರವೆಂದು ಭಾವಿಸಬಾರದು.

ಬದಲಿ ಪಟ್ಟಿಯನ್ನೂ ನಾಲ್ಕು ಪಾಸ್ ಪರೀಕ್ಷಿಸಿದ ಮೇಲೆಯೇ ಕೆಲಸಕ್ಕೆ ತೊಡಗಿದೆ. ಆ ಎರಡು ತಿಂಗಳಲ್ಲಿ ಉಳಿಸಿದ ಕಡತಗಳನ್ನು ಈಗ ಹಳೆಯ ಪ್ರತಿಗಳ ಜೊತೆ ಪುಟಪುಟವಾಗಿ ಹೋಲಿಸುತ್ತಿದ್ದೇನೆ.