ಒಂದೇ ಪಾಸಿನ ಕಂಪೈಲರ್: ಟರ್ಬೊ ಪ್ಯಾಸ್ಕಲ್ 3.02

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಕಟ್ಟಲು ನೆರವಾಗುವ ಲೆಕ್ಸ್, ಯಾಕ್ ಉಪಕರಣಗಳ ಪ್ರಯೋಗ ಮುಗಿದ ಮೇಲೂ ‘ಪಾಸ್’, ಅಂದರೆ ಕಂಪೈಲರ್ ಪ್ರೋಗ್ರಾಮನ್ನು ಮೊದಲಿನಿಂದ ಕೊನೆವರೆಗೆ ಒಮ್ಮೆ ಓದುವುದು, ಎಂಬುದು ಹಲವರಿಗೆ ಪರೀಕ್ಷೆಯ ಪ್ರಶ್ನೆಯಾಗಿಯೇ ಉಳಿದಿರುತ್ತದೆ. ಅಂಥವರು ಪ್ಯಾಸ್ಕಲ್ ಭಾಷೆಯ ಹಳೆಯ ಕಂಪೈಲರ್ ಟರ್ಬೊ ಪ್ಯಾಸ್ಕಲ್ 3.02 ಅನ್ನು ಡಾಸ್‌ಬಾಕ್ಸ್‌ನಲ್ಲಿ (ಹಳೆಯ ಡಾಸ್ ತಂತ್ರಾಂಶಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಸಾಧನ) ಅರ್ಧ ತಾಸು ಓಡಿಸಿ ನೋಡಬೇಕು. ಇದನ್ನು ಮಾರುತ್ತಿದ್ದ ಬೋರ್ಲ್ಯಾಂಡ್ ಕಂಪನಿಯೇ ಮುಂದೆ ಪುಕ್ಕಟೆ ಬಿಟ್ಟಿತು. ಎಡಿಟರ್, ಕಂಪೈಲರ್ ಎರಡೂ ಸೇರಿ 39,731 ಬೈಟ್.

ಶುರುವಿಗೇ ದೋಷಸಂದೇಶ ಬೇಕೇ ಎಂದು ಕೇಳುತ್ತದೆ. ‘ವೈ’ ಒತ್ತಿ, ಇಲ್ಲದಿದ್ದರೆ ಬರೀ ನಂಬರು ಕಾಣುತ್ತದೆ. ‘ಇ’ ಎಡಿಟರ್, ಹೊರಬರಲು ಕಂಟ್ರೋಲ್-ಕೆ-ಡಿ, ‘ಸಿ’ ಕಂಪೈಲ್, ‘ಆರ್’ ರನ್. ‘ಆರ್’ಗಿಂತ ಮೊದಲು ‘ಎಸ್’ ಒತ್ತಿ ಉಳಿಸಿಕೊಳ್ಳಿ. ಪ್ರೋಗ್ರಾಂ ಮೆಮೊರಿಯಲ್ಲೇ ಓಡುವುದರಿಂದ ಅದು ನಡುವೆ ಸ್ತಬ್ಧವಾದರೆ ಬರೆದದ್ದೂ ಹೋಯಿತು.

ಈಗ ಒಂದನ್ನೊಂದು ಕರೆಯುವ ಎರಡು ಪ್ರೊಸೀಜರ್ (ಹೆಸರಿಟ್ಟ ಕೋಡ್ ತುಂಡು) ಬರೆಯಿರಿ. ಮೊದಲನೆಯದರೊಳಗೆ ಎರಡನೆಯದರ ಹೆಸರು ಬಂದಲ್ಲೇ ‘ದೋಷ 41’, ಅಂದರೆ ಗೊತ್ತಿಲ್ಲದ ಹೆಸರು, ಎಂದು ನಿಲ್ಲುತ್ತದೆ. ಎಸ್ಕೇಪ್ ಒತ್ತಿದರೆ ಕರ್ಸರ್ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಓದುತ್ತಲೇ ಯಂತ್ರಭಾಷೆ ಉಗುಳುವ ಕಂಪೈಲರ್‌ಗೆ ಮುಂದಿನ ಪುಟದ ಹೆಸರು ಗೊತ್ತಿರುವುದಿಲ್ಲ. ಎರಡನೆಯದರ ತಲೆಸಾಲನ್ನು ಮೇಲೆ ಬರೆದು ‘ಫಾರ್ವರ್ಡ್’ ಹಾಕಿದರೆ ಸರಿಹೋಗುತ್ತದೆ. ಕೆಳಗೆ ಆ ಪ್ರೊಸೀಜರನ್ನು ಪೂರ್ತಿ ಬರೆಯುವಾಗ ಪ್ಯಾರಾಮೀಟರ್ (ಅದಕ್ಕೆ ಕೊಡುವ ಮೌಲ್ಯಗಳ) ಪಟ್ಟಿ ಮತ್ತೆ ಬರೆಯಬಾರದು; ಹೆಚ್ಚಿನವರು ಎಡವುವುದು ಇಲ್ಲೇ. ಆದರೆ ‘ಇಫ್’ನಂಥ ಕಡೆ ಮುಂದಕ್ಕೆ ಜಿಗಿಯಬೇಕಾದಾಗ ಕಂಪೈಲರ್ ವಿಳಾಸದ ಜಾಗ ಖಾಲಿ ಬಿಟ್ಟು, ಗುರಿ ಸಿಕ್ಕ ಮೇಲೆ ಹಿಂದಿರುಗಿ ತುಂಬುತ್ತದೆ.

ಇದರ ತದ್ವಿರುದ್ಧ ಜಾತಿ, ಐಬಿಎಂ 1401 ಎಂಬ ಹಳೆಯ ಕಂಪ್ಯೂಟರಿನ ಫೋರ್ಟ್ರಾನ್ ಭಾಷೆಯ ಕಂಪೈಲರ್. 8,000 ಅಕ್ಷರಗಳ ಮೆಮೊರಿಯಲ್ಲಿ ಇಡೀ ಕಂಪೈಲರ್ ಹಿಡಿಸದು. ಆದ್ದರಿಂದ ಕಂಪೈಲ್ ಆಗಬೇಕಾದ ಪ್ರೋಗ್ರಾಂ ಮೆಮೊರಿಯಲ್ಲೇ ಇರುತ್ತಿತ್ತು, ಕಂಪೈಲರ್‌ನ 63 ಹಂತಗಳು ಟೇಪಿನಿಂದ ಒಂದೊಂದಾಗಿ ಬಂದು ಹೋಗುತ್ತಿದ್ದವು. ಪಂಕ್ತಿಯಲ್ಲಿ ಎಲೆ ಕದಲುವುದಿಲ್ಲ, ಉಪ್ಪಿನವ, ಪಲ್ಯದವ, ಹೋಳಿಗೆಯವ ಸಾಲಾಗಿ ಬರುತ್ತಾರಲ್ಲ, ಹಾಗೆ. ಅದಕ್ಕೂ ಮುಂಚಿನ 1957ರ ಐಬಿಎಂ 704ರ ಫೋರ್ಟ್ರಾನ್‌ಗೆ ಆರು ವಿಭಾಗಗಳಿದ್ದವು. ಲೂಪುಗಳಲ್ಲಿ (ಮತ್ತೆ ಮತ್ತೆ ನಡೆಯುವ ಕೋಡ್) ಇಂಡೆಕ್ಸ್ ರಿಜಿಸ್ಟರ್‌ಗಳನ್ನು, ಅಂದರೆ ಪ್ರೊಸೆಸರಿನೊಳಗಿನ ಕೆಲವೇ ವೇಗದ ಜಾಗಗಳನ್ನು, ಹಂಚುವ ಲೆಕ್ಕಾಚಾರಕ್ಕೇ ಅದರಲ್ಲಿ ದೊಡ್ಡ ಪಾಲು.

ಆ ಲೆಕ್ಕಾಚಾರವೇ ಟರ್ಬೊದಲ್ಲಿಲ್ಲ. ಒಂದು ಸಾಲಿಗೆ ಕೋಡ್ ಬರೆದ ಮೇಲೆ ಅದನ್ನು ಸುಧಾರಿಸಲೆಂದು ತಿರುಗಿ ನೋಡುವುದಿಲ್ಲವಾದ್ದರಿಂದ ಒಂದೇ ಮೌಲ್ಯವನ್ನು ಮತ್ತೆ ಮತ್ತೆ ಮೆಮೊರಿಯಿಂದ ತರುತ್ತದೆ. ಕೋಡ್ 64 ಕಿಲೋಬೈಟ್ ದಾಟುವಂತಿಲ್ಲ, ಮೊದಲ ತಪ್ಪಿಗೇ ನಿಲ್ಲುವುದರಿಂದ ಹತ್ತು ತಪ್ಪಿಗೆ ಹತ್ತು ಸಲ ಕಂಪೈಲ್. ಆದರೂ ಕಂಪೈಲ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದರಿಂದ ಬೇಸರವಾಗದು. ಪಾಠಕ್ಕೆ 5ಕ್ಕೆ 4 ಅಂಕ. ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ ವಿದ್ಯೆ) ಕಲಿಯುವವರು ಬೇರೆ ಕಂಪೈಲರ್ ನೋಡಿಕೊಳ್ಳಲಿ.