ಯಜಮಾನಿಕೆ ಮನೆಗೆ ಮರಳಿದ ಬಗೆ: ತುಮಕೂರಿನ ಒಂದು ಸ್ಮಾರ್ಟ್ ಹೋಮ್ ಸೇವೆ

ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಎಸ್.ಎಸ್. ಪುರಂನ ನಮ್ಮ ಹಳೆಯ ಮನೆ ಸ್ಮಾರ್ಟ್ ಆದದ್ದು ಈಚೆಗೆ, ಬೆಂಗಳೂರಿನಲ್ಲಿರುವ ಮಗ ಬಂದಾಗಲೆಲ್ಲ ಒಂದೊಂದು ಸಾಧನ ತಂದು ಜೋಡಿಸಿ ಹೋದುದರಿಂದ. ಗೀಸರಿಗೆ ಸ್ಮಾರ್ಟ್ ಪ್ಲಗ್, ಬಾಗಿಲಿಗೆ ಕ್ಯಾಮೆರಾ, ಹಜಾರಕ್ಕೆ ಬಲ್ಬುಗಳು, ಸಂಪಿನ ಮೋಟಾರಿಗೊಂದು ಕಂಟ್ರೋಲರ್. ಇವಕ್ಕೆಲ್ಲ ಮೂರು ಆಪ್‌ಗಳು, ಮೂರರ ಪಾಸ್‌ವರ್ಡೂ ಮಗನ ಫೋನಿನಲ್ಲಿ. ವಾಸ ನಮ್ಮದು, ಯಜಮಾನಿಕೆ ಬೆಂಗಳೂರಿನದು. ರೂಟರ್ ಬದಲಾಯಿಸಿದ ದಿನ ಎಲ್ಲವೂ ಒಟ್ಟಿಗೆ ಮೂಕವಾದವು. ಹೇಮಾವತಿ ನೀರು ಬರುವ ದಿನವೂ ಅದೇ ಆಗಿತ್ತು.

ಬಿ.ಎಚ್. ರಸ್ತೆಯ ಪಕ್ಕದ ಓಣಿಯ ಚಿಕ್ಕ ಅಂಗಡಿಯೊಂದರಿಂದ ಬಂದ ತಂತ್ರಜ್ಞರು ಮೊದಲು ಮಾಡಿದ್ದು ರಿಪೇರಿಯಲ್ಲ, ಎಣಿಕೆ. ಮನೆಯ ಹದಿನಾಲ್ಕು ಸಾಧನಗಳನ್ನು ಒಂದೊಂದಾಗಿ ಆರಿಸಿ ಹೊತ್ತಿಸಿ, ಯಾವುದು ಯಾವುದೆಂದು ನನ್ನ ಹೆಂಡತಿಯಿಂದಲೇ ಹೆಸರಿಡಿಸಿದರು. ಇಂತಹ ಪ್ಲಗ್ಗು, ಬಲ್ಬುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ಹೊಸ ರೂಟರ್ ಅದನ್ನೂ 5 ಗಿಗಾಹರ್ಟ್ಸನ್ನೂ ಒಂದೇ ಹೆಸರಿನಡಿ ಬೆರೆಸಿತ್ತು, ಜೊತೆಗೆ ಪಾಸ್‌ವರ್ಡೂ ಬದಲಾಗಿತ್ತು ಎಂಬುದನ್ನು ಅವರು ಅವಸರವಿಲ್ಲದೆ ವಿವರಿಸಿದರು. ಕ್ಯಾಮೆರಾದಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಉಳಿದಿದ್ದುದನ್ನು ಕಂಡು, 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂತಹ ಪಾಸ್‌ವರ್ಡುಗಳನ್ನೇ ಬಳಸಿ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡ ಕಥೆ ಹೇಳಿದರು. ನಾನು ಆ ಕ್ಷಣವೇ ಅದನ್ನು ಬದಲಾಯಿಸಿದೆ.

ಗೀಸರಿನ ವಿಷಯದಲ್ಲಿ ಅವರ ಎಚ್ಚರ ಮೆಚ್ಚುವಂಥದ್ದು. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಮಗ ಹಾಕಿದ್ದ 10 ಆಂಪಿಯರ್ ಪ್ಲಗ್ಗು ಬಿಸಿಯಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲವೆಂದು 16 ಆಂಪಿಯರಿನದನ್ನು ಹಾಕಿಸಿದರು. ಮೋಟಾರು ಹೊರಡುವಾಗ ಹಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುವುದರಿಂದ ಕಂಟ್ರೋಲರಿಗೂ ಮೋಟಾರಿಗೂ ನಡುವೆ ಕಾಂಟ್ಯಾಕ್ಟರ್, ಅಂದರೆ ಆ ಭಾರ ತಡೆಯುವ ದೊಡ್ಡ ಸ್ವಿಚ್ಚು, ಇರಬೇಕೆಂದರು. ಸ್ಮಾರ್ಟ್ ಸ್ವಿಚ್ಚುಗಳನ್ನು ಕೇಳಿದ್ದು ನಾನೇ. ಅವಕ್ಕೆ ಸಾಮಾನ್ಯವಾಗಿ ಬೇಕಾಗುವ ನ್ಯೂಟ್ರಲ್ ತಂತಿಯನ್ನು ನಮ್ಮ ಬೋರ್ಡುಗಳಿಗೆ ಎಳೆದಿಲ್ಲ, ಸುಮ್ಮನೆ ಹಣ ಹಾಕಬೇಡಿ ಎಂದು ಮಾರಾಟ ಬಿಟ್ಟುಕೊಟ್ಟದ್ದು ಅವರು.

ಕೊರತೆಗಳೂ ಇವೆ. ಇಂಟರ್ನೆಟ್ ಹೋದಾಗ ಯಾವುದು ಕೈಯಿಂದ ನಡೆಯುತ್ತದೆ ಎಂಬ ಪಟ್ಟಿಯನ್ನು ಅವರು ಇಂಗ್ಲಿಷಿನಲ್ಲಿ ಕೊಟ್ಟುಹೋದರು. ಕನ್ನಡಕ್ಕಿಳಿಸಿ ಮೀಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದು ನಾವು. ಎಲ್ಲವನ್ನೂ ಮ್ಯಾಟರ್ ಎಂಬ ಮಾನದಂಡದ ಸಾಧನಗಳಿಗೆ ಬದಲಿಸಿದರೆ ಆಪ್‌ಗಳ ಗೊಂದಲವೇ ತೀರುತ್ತದೆಂಬ ಅವರ ಉತ್ಸಾಹ ನನಗೆ ಒಪ್ಪಿಗೆಯಾಗಲಿಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಆ ಮಾನದಂಡ ಬೇರೆ ಬೇರೆ ಕಂಪನಿಗಳ ಸಾಧನಗಳನ್ನು ಒಂದೆಡೆ ಸೇರಿಸುತ್ತದೆ, ನಿಜ. ಆದರೆ ಚೆನ್ನಾಗಿ ಉರಿಯುತ್ತಿರುವ ಬಲ್ಬನ್ನು ಅದಕ್ಕಾಗಿ ಎಸೆಯುವವರು ಯಾರು? ವಾರ್ಷಿಕ ಒಪ್ಪಂದಕ್ಕೂ ಎರಡು ಸಲ ಒತ್ತಾಯಿಸಿದರು, ಬೇಡವೆಂದೆ.

ಎರಡೂವರೆ ಗಂಟೆಯ ಭೇಟಿಗೆ 900 ರೂಪಾಯಿ, ಪ್ಲಗ್ಗು ಮತ್ತು ಕಾಂಟ್ಯಾಕ್ಟರಿನ ಬೆಲೆ ಬೇರೆ. ಕರೆಸುವವರು ಖಾತೆ ತೆರೆದವರ ಫೋನು ಹತ್ತಿರವಿರುವ ದಿನವನ್ನೇ ಗೊತ್ತುಮಾಡಿಕೊಳ್ಳಬೇಕು. ಮಗನಿಗೆ ಬರುವ ಒಟಿಪಿಗಾಗಿ ನಾವು ಮುಕ್ಕಾಲು ಗಂಟೆ ಕಾದೆವು. ಈಗ ಖಾತೆಗಳು ನನ್ನ ಹೆಂಡತಿಯ ಹೆಸರಿನಲ್ಲಿವೆ, ಮಗ ಅತಿಥಿ.